ಅಂಗಳದ ಲೈಟ್ ರಿಮೋಟಲ್ಲಿ ಹಾಕೋ ಹಾಗೆ ಮಾಡ್ಬೇಕು, ಹಳೇ ಮನೆ, ಸ್ವಿಚ್ ಬಾಗಿಲ ಹೊರಗಡೆ ಇದೆ (ಸಕಲೇಶಪುರ ಕಡೆ)

ಹೆಂಚಿನಮನೆ:

ಎಲ್ರಿಗೂ ನಮಸ್ಕಾರ. ನಮ್ದು ಸಕಲೇಶಪುರ ತಾಲೂಕು, ಹೆತ್ತೂರು ಕಡೆ. ಅಜ್ಜನ ಕಾಲದ ಹಂಚಿನ ಮನೆ, ಮಣ್ಣಿನ ಗೋಡೆ, ಕರೆಂಟ್ ಬಂದಾಗ ಯಾರೋ ಪುಣ್ಯಾತ್ಮ ವೈರಿಂಗ್ ಮಾಡಿ ಅಂಗಳದ ಲೈಟಿನ ಸ್ವಿಚ್ಚನ್ನ ಜಗಲಿ ಮೇಲೆ, ಅಂದ್ರೆ ಬಾಗಿಲ ಹೊರಗಡೆ ಇಟ್ಟಿದಾನೆ. ಇಷ್ಟು ವರ್ಷ ಯಾರಿಗೂ ಅದು ತೊಂದ್ರೆ ಅನ್ಸಿರ್ಲಿಲ್ಲ. ಈಗ ಏನಾಗಿದೆ ಅಂದ್ರೆ ರಾತ್ರಿ ನಾಯಿ ಬೊಗಳಿದ್ರೆ ಅಪ್ಪ ಎದ್ದು, ಬಾಗಿಲು ತೆಗೆದು, ಕತ್ತಲಲ್ಲಿ ನಾಲ್ಕು ಹೆಜ್ಜೆ ಹೋಗಿ ಸ್ವಿಚ್ ಹಾಕ್ಬೇಕು. ಹೋದ ತಿಂಗಳು ಹಾಗೇ ಹೋಗಿ ಲೈಟ್ ಹಾಕಿ ನೋಡಿದ್ರೆ ಬಾವಿ ಪಕ್ಕ ಬಗನೆ ಮರ ಮುರ್ಕೊಂಡು ಆನೆ ನಿಂತಿದೆ, ಜಗಲಿಯಿಂದ ಮೂವತ್ತು ಅಡಿನೂ ಇಲ್ಲ. ಪುಣ್ಯಕ್ಕೆ ಅದರ ಪಾಡಿಗೆ ಅದು ಹೋಯ್ತು. ಅಪ್ಪನಿಗೆ 74, ಮಂಡಿ ನೋವು ಬೇರೆ, ಓಡೋಕಂತೂ ಆಗಲ್ಲ.

ಹಾಸಿಗೆ ಮೇಲಿಂದಾನೇ ಲೈಟ್ ಹಾಕಿ ಕಿಟಕೀಲಿ ನೋಡಿ ಆಮೇಲೆ ಬಾಗಿಲು ತೆಗೆಯೋ ಹಾಗೆ ಆಗ್ಬೇಕು, ಅಷ್ಟೇ ನನ್ನ ಆಸೆ. (ಲೈಟ್ ಹಾಕಿದ್ರೆ ಆನೆ ಓಡುತ್ತೆ ಅಂತಲ್ಲ, ಅದು ಓಡಲ್ಲ. ನಮಗೆ ಕಾಣ್ಬೇಕು ಅಷ್ಟೇ.)

ಅಂಗಳದಲ್ಲಿ 50 ವ್ಯಾಟಿಂದು ಎರಡು ಎಲ್‌ಇಡಿ ಫ್ಲಡ್ ಲೈಟ್ ಇದೆ. ಕೊಟ್ಟಿಗೇಲಿ ಒಂದು ಬಲ್ಬು, ಮನೆಯಿಂದ ಸುಮಾರು ನೂರು ಅಡಿ ದೂರ. ಆದ್ರೆ ಅದೂ ಬೇಕು. ಅಪ್ಪನ ರೂಮಿನ ಫ್ಯಾನು. ಇನ್ನೊಂದು ಬಾವಿ ಪಂಪು, 1 ಹೆಚ್‌ಪಿ ಸಬ್‌ಮರ್ಸಿಬಲ್. ಎಲ್ಲಾ ಒಂದೇ ರಿಮೋಟಲ್ಲಿ ಆಗುತ್ತಾ? ಆನ್‌ಲೈನಲ್ಲಿ ನಾಲ್ಕು ಬಟನ್ ರಿಮೋಟು, ಒಂದು ಸಣ್ಣ ಡಬ್ಬಿ ಸೇರಿಸಿ ಆರುನೂರು ಏಳುನೂರು ರೂಪಾಯಿಗೆ ತೋರ್ಸ್ತಾ ಇದೆ, 100 ಮೀಟರ್ ರೇಂಜ್ ಅಂತ ಬರ್ದಿದೆ. ಬಲ್ಬ್ ಹೋಲ್ಡರಲ್ಲೇ ರಿಮೋಟ್ ಇರೋದೂ ನೋಡ್ದೆ. ಯಾರಾದ್ರೂ ಹಾಕ್ಸಿದೀರಾ? ನಾನು ಟೆಸ್ಟರ್ ಹಿಡಿಯೋಷ್ಟು ಗೊತ್ತಿರೋನು, ಅದಕ್ಕಿಂತ ಜಾಸ್ತಿ ಇಲ್ಲ.


ವೈರ್‌ಮನ್_ಹಾಸನ:

ಅಣ್ಣ ನಾನು ಹಾಸನದಲ್ಲಿ ಹದಿನೆಂಟು ವರ್ಷದಿಂದ ವೈರಿಂಗ್ ಮಾಡ್ತಾ ಇದೀನಿ, ಈ ರಿಮೋಟ್ ಡಬ್ಬಿ ಸುಮಾರು ಮನೇಲಿ ಹಾಕಿದೀನಿ. ರಿಮೋಟ್ ಯಾವ್ದು ಅಂತ ಆಮೇಲೆ ನೋಡಿ, ಮೊದ್ಲು ನಿಮ್ಮ ಜಗಲಿ ಬೋರ್ಡ್ ಬಿಚ್ಚಿ ಒಳಗೆ ನ್ಯೂಟ್ರಲ್ ಐತಾ ನೋಡಿ. ಹಳೇ ಮನೇಲಿ ಇದೇ ದೊಡ್ಡ ತಲೆನೋವು. ಸ್ವಿಚ್ಚಿಗೆ ಬರೋದು ಒಂದು ಫೇಸು, ಸ್ವಿಚ್ಚಿಂದ ಬಲ್ಬಿಗೆ ಹೋಗೋದು ಒಂದು ವೈರು, ನ್ಯೂಟ್ರಲ್ ಬೋರ್ಡಿಗೆ ಬರ್ದೇನೇ ಅಟ್ಟದ ಮೇಲಿಂದ ಸೀದಾ ಬಲ್ಬಿಗೆ ಹೋಗಿರುತ್ತೆ. ಸಾದಾ ಸ್ವಿಚ್ಚಿಗೆ ಅಷ್ಟು ಸಾಕು. ಆದ್ರೆ ಈ ಡಬ್ಬಿ ಇಪ್ಪತ್ತನಾಲ್ಕು ಗಂಟೇನೂ ಎಚ್ಚರ ಇರ್ಬೇಕಲ್ವಾ, ಅದಕ್ಕೆ ಫೇಸು ನ್ಯೂಟ್ರಲ್ ಎರಡೂ ಬೇಕೇ ಬೇಕು.

ಬಿಚ್ಚದೇ ಕಂಡುಹಿಡಿಯೋಕೆ ಒಂದು ಉಪಾಯ, ಅದೇ ಬೋರ್ಡಲ್ಲಿ ಪ್ಲಗ್ ಪಾಯಿಂಟೋ ಕೆಂಪು ಇಂಡಿಕೇಟರ್ ದೀಪಾನೋ ಇದ್ರೆ ನ್ಯೂಟ್ರಲ್ ಇದ್ದೇ ಇರುತ್ತೆ. ಎರಡೂ ಇಲ್ಲ ಅಂದ್ರೆ ಹೊಸದಾಗಿ ಎಳೀಬೇಕು.

ಇನ್ನೊಂದು ಚೆಕ್ ಮಾಡ್ಕಳಿ. ಈಗ ಸ್ವಿಚ್ ಆಫ್ ಮಾಡಿದ್ಮೇಲೂ ರಾತ್ರಿ ಹೊತ್ತು ಆ ಎಲ್‌ಇಡಿ ಮಂಕಾಗಿ ಮಿಣಿಮಿಣಿ ಅಂತ ಉರೀತಾ ಇರುತ್ತಾ? ಹಂಗಿದ್ರೆ ಹಳೇ ವೈರ್‌ಮ್ಯಾನ್ ಫೇಸ್ ಬದ್ಲು ನ್ಯೂಟ್ರಲ್ಲಿಗೆ ಸ್ವಿಚ್ ಹಾಕಿರೋ ಚಾನ್ಸ್ ಜಾಸ್ತಿ. ಆಫ್ ಮಾಡಿದ್ರೂ ಬಲ್ಬ್ ಕಡೆ ಫೇಸ್ ಇದ್ದೇ ಇರುತ್ತೆ, ಮಳೇಲಿ ಏಣಿ ಹತ್ತಿ ಬಲ್ಬ್ ಬದಲಾಯಿಸೋನು ಹೋದಂಗೇ. ರಿಮೋಟ್ ಹಾಕೋಕ್ ಮುಂಚೆ ಅದನ್ನ ಸರಿ ಮಾಡ್ಸಿ.

ಹೋಲ್ಡರ್ ಟೈಪು ನಿಮಗೆ ಬೇಡ. ಅದು ಕೆಲಸ ಮಾಡ್ಬೇಕು ಅಂದ್ರೆ ಗೋಡೆ ಸ್ವಿಚ್ ಯಾವಾಗ್ಲೂ ಆನಲ್ಲಿರ್ಬೇಕು, ನಮ್ಮ ಮನೇಲೇ ಹಾಕಿದ್ದೆ, ನಮ್ಮಮ್ಮ ಮಲಗೋ ಮುಂಚೆ ಎಲ್ಲಾ ಸ್ವಿಚ್ಚೂ ಆಫ್ ಮಾಡ್ಕಂಡು ಬರೋದು ಅಭ್ಯಾಸ, ರಿಮೋಟ್ ಒತ್ತಿದ್ರೆ ಏನೂ ಇಲ್ಲ. ಮೂರು ದಿನಕ್ಕೆ ಕಿತ್ತಾಕಿದೆ. ಫ್ಲಡ್ ಲೈಟಿಗೆ ಹೋಲ್ಡರೂ ಇರಲ್ಲ ಬಿಡಿ.


ಕೋಡ್_ಮಗ:

ಬ್ರೋ ಈ ಕಾಲದಲ್ಲಿ ರಿಮೋಟ್ ಯಾಕೆ, ಇಎಸ್‌ಪಿ8266 ಚಿಪ್ ಇರೋ ವೈಫೈ ಸ್ವಿಚ್ ತಗೊಳ್ಳಿ, ಸೋನಾಫ್ ಥರದ್ದು, ಅದಕ್ಕೆ ಟಾಸ್ಮೋಟಾ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿದ್ರೆ ಕಂಪನಿ ಸರ್ವರ್ ಕೂಡ ಬೇಡ, ಫೋನಲ್ಲೇ ಎಲ್ಲಾ. ನಾನು ಬೆಂಗಳೂರಲ್ಲಿ ಕೂತು ಚಿಕ್ಕಮಗಳೂರು ಮನೆ ಲೈಟ್ ಆಫ್ ಮಾಡ್ತೀನಿ.


ಹೆಂಚಿನಮನೆ:

@ಕೋಡ್_ಮಗ ನಮ್ಮಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಬೇಕು ಅಂದ್ರೆ ಮೇಲಿನ ತೋಟದ ಬಂಡೆ ಹತ್ಬೇಕು ಗುರುವೇ. ಮತ್ತೆ ಅಪ್ಪ ರಾತ್ರಿ ಎರಡು ಗಂಟೆಗೆ ಕನ್ನಡಕ ಹುಡ್ಕಿ, ಫೋನ್ ಲಾಕ್ ತೆಗೆದು, ಆಪ್ ಓಪನ್ ಮಾಡಿ... ಅಷ್ಟೊತ್ತಿಗೆ ಆನೆ ಬಂದು ಹೋಗಿ ಮಲಗಿರುತ್ತೆ.

@ವೈರ್‌ಮನ್_ಹಾಸನ ಅಣ್ಣ ಕರೆಕ್ಟಾಗಿ ಹೇಳಿದ್ರಿ, ಒಂದು ಫ್ಲಡ್ ಲೈಟ್ ಆಫ್ ಆದ್ಮೇಲೂ ಮಿಣುಕು ಹುಳ ಥರ ಉರೀತಾ ಇರುತ್ತೆ, ನಾವು ಬಲ್ಬೇ ಹಾಗೆ ಅಂತ ಅಂದ್ಕೊಂಡಿದ್ವಿ. ಬೋರ್ಡಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಮರದ ಬೋರ್ಡು, ಕಪ್ಪು ಸ್ವಿಚ್ಚು ಎರಡು, ಅಷ್ಟೇ.


ಇಸಿ_ಮೇಷ್ಟ್ರು:

ಹಾಸನದವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೀನಿ. ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡೋನು, ಇಲ್ಲೇ ಚಿಕ್ಕಮಗಳೂರು, ಹುಡುಗರ ಪ್ರಾಜೆಕ್ಟಲ್ಲಿ ವರ್ಷಕ್ಕೆ ಹತ್ತು ಈ ಥರದ್ದು ನೋಡ್ತೀನಿ.

ರಿಮೋಟಲ್ಲಿ ಎರಡು ಜಾತಿ. ಟಿವಿ ರಿಮೋಟ್ ಥರದ್ದು ಇನ್‌ಫ್ರಾರೆಡ್, 38 ಕಿಲೋಹರ್ಟ್ಸ್‌ನಲ್ಲಿ ಮಿಣುಕೋ ಬೆಳಕು ಅದು, ಗೋಡೆ ದಾಟಲ್ಲ, ಎದುರುಗಡೆ ಹಿಡೀಬೇಕು. ನಿಮಗೆ ಅದು ಆಗಲ್ಲ, ಅಪ್ಪನ ರೂಮಿನ ಫ್ಯಾನಿಗೆ ಮಾತ್ರ ಆಗುತ್ತೆ. ಫ್ಯಾನ್ ವಿಷಯದಲ್ಲಿ ನನ್ನ ಮಾತು ಕೇಳಿದ್ರೆ ಡಬ್ಬಿ ಗಿಬ್ಬಿ ಹಾಕ್ಬೇಡಿ, ಬಿಎಲ್‌ಡಿಸಿ ಫ್ಯಾನ್ (ಕಮ್ಮಿ ಕರೆಂಟ್ ತಿನ್ನೋ ಹೊಸ ಥರದ ಮೋಟರಿಂದು) ತಗೊಳ್ಳಿ, ಅದರ ಜೊತೆಗೇ ರಿಮೋಟ್ ಬರುತ್ತೆ, ಹಳೇ ಫ್ಯಾನ್ 75 ವ್ಯಾಟ್ ತಿನ್ನೋ ಜಾಗದಲ್ಲಿ 30 ಚಿಲ್ಲರೆ ತಿನ್ನುತ್ತೆ, ಇನ್ವರ್ಟರೂ ಜಾಸ್ತಿ ಹೊತ್ತು ಬರುತ್ತೆ. ಹಳೇ ರೆಗ್ಯುಲೇಟರ್ ತೆಗೆಸಿಬಿಡ್ಬೇಕು ಅಷ್ಟೇ, ಅದ್ರ ಮೂಲಕ ಕೊಟ್ರೆ ಆ ಫ್ಯಾನ್ ಹಾಳಾಗುತ್ತೆ.

ನೀವು ಆನ್‌ಲೈನಲ್ಲಿ ನೋಡಿದ್ದು ರೇಡಿಯೋ ಜಾತಿ, 433 ಮೆಗಾಹರ್ಟ್ಸ್. ಗೋಡೆ ದಾಟುತ್ತೆ, ತಗಡು ದಾಟಲ್ಲ, ಇದನ್ನ ನೆನಪಿಡಿ. 100 ಮೀಟರ್ ಅಂತ ಬರ್ದಿರೋದು ಬಯಲಲ್ಲಿ, ಹೊಸ ಸೆಲ್ ಹಾಕಿ, ಮಧ್ಯ ಏನೂ ಇಲ್ಲದೇ ಇದ್ದಾಗ. ನಿಮ್ಮ ಒಂದೂವರೆ ಅಡಿ ಮಣ್ಣಿನ ಗೋಡೆ, ಮಳೇಲಿ ನೆಂದಿರೋದು, ಅದರ ಆಚೆ ಮೂವತ್ತು ಮೀಟರ್ ಬಂದ್ರೆ ದೊಡ್ಡದು. ಡಬ್ಬಿಯಿಂದ ಒಂದು ತೆಳು ವೈರ್ ಬಾಲದ ಥರ ಬಂದಿರುತ್ತಲ್ಲ, ಅದೇ ಆಂಟೆನಾ. ಲೆಕ್ಕ ಸುಲಭ, 300ನ್ನ 433ರಿಂದ ಭಾಗಿಸಿದ್ರೆ ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್, ಅದರ ಕಾಲು ಭಾಗ 17. ಆ ವೈರ್ 17 ಸೆಂಟಿಮೀಟರ್ ನೆಟ್ಟಗೆ ನಿಂತಿರ್ಬೇಕು. ಎಲೆಕ್ಟ್ರಿಷಿಯನ್ನುಗಳು ನೀಟಾಗಿ ಕಾಣ್ಲಿ ಅಂತ ಅದನ್ನ ಸುರುಳಿ ಸುತ್ತಿ ಕಬ್ಬಿಣದ ಬಾಕ್ಸ್ ಒಳಗೆ ತುರುಕ್ತಾರೆ, ಆಮೇಲೆ ರಿಮೋಟ್ ಚೆನ್ನಾಗಿಲ್ಲ ಅಂತ ರಿವ್ಯೂ ಬರೀತಾರೆ.

ಈಗ ನಿಜವಾದ ವಿಷಯ. ಗೋಡೆ ಸ್ವಿಚ್ ತೆಗೀಬೇಡಿ. ರಿಮೋಟ್ ಕಳೆದು ಹೋಗುತ್ತೆ, ಸೆಲ್ ಹೋಗುತ್ತೆ, ಅವತ್ತೇ ಲೈಟ್ ಬೇಕಾಗುತ್ತೆ. ಸ್ವಿಚ್ ಇಟ್ಕೊಂಡೇ ಮಾಡೋಕೆ ಒಂದು ದಾರಿ ಇದೆ. ಮೆಟ್ಟಿಲ ಕೆಳಗೊಂದು ಮೇಲೊಂದು ಸ್ವಿಚ್ ಇರುತ್ತಲ್ಲ, ಯಾವ್ದು ಒತ್ತಿದ್ರೂ ಲೈಟ್ ಬದಲಾಗುತ್ತೆ, ಟೂ ವೇ ಅಂತಾರೆ. ಡಬ್ಬಿ ಒಳಗೆ ರಿಲೇ ಇರುತ್ತೆ, ಅಂದ್ರೆ ಕರೆಂಟ್ ಕೊಟ್ರೆ ತಾನೇ ಎಳೆಯೋ ಸ್ವಿಚ್ಚು. ಅದ್ರಲ್ಲಿ ಕಾಮನ್, ಎನ್‌ಓ (ಎಳೆದಾಗ ಸೇರೋದು), ಎನ್‌ಸಿ (ಎಳೆಯದೇ ಇದ್ದಾಗ ಸೇರಿರೋದು) ಅಂತ ಮೂರು ಕಾಲು ಇರೋ ಡಬ್ಬಿ ತಗೊಂಡ್ರೆ, ಆ ರಿಲೇನೇ ಒಂದು ಟೂ ವೇ ಸ್ವಿಚ್! ಜಗಲೀಲಿರೋ ಸ್ವಿಚ್ ತೆಗೆದು ಅಲ್ಲಿ ಟೂ ವೇ ಸ್ವಿಚ್ ಹಾಕಿ, ಅದರ ನಡುವಿನ ಕಾಲಿಗೆ ಫೇಸ್ ಕೊಡಿ, ಉಳಿದೆರಡು ಕಾಲಿಂದ ಎರಡು ವೈರ್ ತಗೊಂಡು ರಿಲೇ ಎನ್‌ಓ ಎನ್‌ಸಿಗೆ, ರಿಲೇ ಕಾಮನ್ನಿಂದ ಬಲ್ಬಿಗೆ. ಅಷ್ಟೇ. ಅಮ್ಮ ಗೋಡೇಲಿ ಆಫ್ ಮಾಡಿದ್ರೂ ಅಪ್ಪ ಹಾಸಿಗೇಲಿ ಆನ್ ಮಾಡ್ಬಹುದು. ಆದ್ರೆ ಕೊಳ್ಳುವಾಗ ನೋಡ್ಕೊಳ್ಳಿ, ಕೆಲವು ಡಬ್ಬೀಲಿ ಒಳಗೇ ಫೇಸನ್ನ ರಿಲೇಗೆ ಸೇರಿಸಿರ್ತಾರೆ, ಹೊರಗೆ ಬರೀ ಔಟ್‌ಪುಟ್ ಇರುತ್ತೆ, ಅದ್ರಲ್ಲಿ ಈ ಆಟ ನಡೆಯಲ್ಲ. ಡ್ರೈ ಕಾಂಟ್ಯಾಕ್ಟ್, ಅಂದ್ರೆ ಒಳಗೆ ಫೇಸ್ ಸೇರಿಸದೇ ಇರೋದು ಬೇಕು ಅಂತ ಕೇಳಿ.

ಎಚ್ಚರಿಕೆ ಒಂದು. ಅಗ್ಗದ ಡಬ್ಬೀಲಿ ಟ್ರಾನ್ಸ್‌ಫಾರ್ಮರ್ ಇರಲ್ಲ, ಒಂದು ಕೆಪಾಸಿಟರಲ್ಲಿ ವೋಲ್ಟೇಜ್ ಇಳಿಸಿರ್ತಾರೆ. ಹಾಗಾಗಿ ಬೋರ್ಡಿನ 12 ವೋಲ್ಟ್ ಜಾಗ ಮುಟ್ಟಿದ್ರೂ 230 ಹೊಡೆಯುತ್ತೆ. ಮುಚ್ಚಳ ತೆಗೆದು ಡಬ್ಬಿಗೆ ರಿಮೋಟಿನ ಕೋಡ್ ಕಲಿಸುವಾಗ ಬೆರಳಲ್ಲಿ ಬಟನ್ ಒತ್ಬೇಡಿ, ಒಣ ಕಡ್ಡೀಲಿ ಒತ್ತಿ.

ಹಳೇ ಕಥೆ ಒಂದು ಹೇಳಿ ಮುಗಿಸ್ತೀನಿ, ಕ್ಲಾಸಲ್ಲೂ ಹೇಳ್ತೀನಿ. ಇದೆಲ್ಲ ಹೊಸದೇನಲ್ಲ, 1975ರಲ್ಲೇ ಸ್ಕಾಟ್ಲೆಂಡಿನ ಪಿಕೋ ಎಲೆಕ್ಟ್ರಾನಿಕ್ಸ್ ಅನ್ನೋರು ಎಕ್ಸ್10 ಅಂತ ಮಾಡಿದ್ರು. ರೇಡಿಯೋನೂ ಬೇಡ, ಮನೆ ಕರೆಂಟ್ ವೈರಲ್ಲೇ 120 ಕಿಲೋಹರ್ಟ್ಸ್ ಸಿಗ್ನಲ್ ಕಳಿಸೋದು, ಎಸಿ ಅಲೆ ಸೊನ್ನೆ ದಾಟೋ ಆ ಒಂದು ಕ್ಷಣದಲ್ಲಿ. 256 ಸಾಮಾನಿಗೆ ಬೇರೆ ಬೇರೆ ನಂಬರ್ ಕೊಡಬಹುದಿತ್ತು. ನಮ್ಮ ಹಳ್ಳಿ ಲೈನಿನ ಗಲಾಟೇಲಿ ಅದು ಬದುಕ್ತಿರ್ಲಿಲ್ಲ ಅನ್ಸುತ್ತೆ.


ಮಳೆನಾಡ್_ಮಾವ:

ಪಂಪಿನ ವಿಷಯ ಬಂತಲ್ಲ ಅದಕ್ಕೆ ಬರೀತಾ ಇದೀನಿ. ನಮ್ದು ಕೊಪ್ಪ ಹತ್ರ. ಎರಡು ವರ್ಷದ ಹಿಂದೆ ನಾನೂ ಇದೇ ಥರ ಹುಮ್ಮಸ್ಸಲ್ಲಿ ನಾಲ್ಕು ಚಾನೆಲ್ ಡಬ್ಬಿ ತರಿಸಿ ಮೂರಕ್ಕೆ ಲೈಟು ನಾಲ್ಕನೇದಕ್ಕೆ ಪಂಪ್ ಹಾಕಿದ್ದೆ, ಒಂದು ವಾರ ರಾಜನ ಥರ ಜಗಲೀಲಿ ಕೂತು ಕಾಫಿ ಕುಡೀತಾ ಪಂಪ್ ಆನ್ ಮಾಡೋದು ಆಫ್ ಮಾಡೋದು. ಆ ಡಬ್ಬೀಲಿ ಮೆಮೊರಿ ಅಂತ ಒಂದು ಫೀಚರ್ ಇತ್ತು, ಕರೆಂಟ್ ಹೋಗಿ ಬಂದ್ರೆ ಮೊದ್ಲು ಹೇಗಿತ್ತೋ ಹಾಗೇ ಇರುತ್ತೆ ಅಂತ. ಒಳ್ಳೇದೇ ಅಲ್ವಾ ಅಂತ ಅಂದ್ಕೊಂಡೆ.

ಜನವರಿ ತಿಂಗಳು, ಕಣದ ತುಂಬಾ ಕಾಫಿ ಹರವಿತ್ತು, ಪಾರ್ಚ್‌ಮೆಂಟು, ಇನ್ನೊಂದು ಬಿಸಿಲು ಬಿದ್ರೆ ಚೀಲ ತುಂಬೋದು. ಸಂಜೆ ಪಂಪ್ ಹಾಕಿದ್ದೆ, ಅರ್ಧ ಟ್ಯಾಂಕಿಗೆ ಕರೆಂಟ್ ಹೋಯ್ತು, ನಾನೂ ಮರೆತು ಉಂಡು ಮಲಗಿದೆ. ರಾತ್ರಿ ಎಷ್ಟೊತ್ತಿಗೋ ಕರೆಂಟ್ ಬಂತು, ಆ ಡಬ್ಬಿ ತನ್ನ ಮೆಮೊರಿ ಪ್ರಕಾರ ಪಂಪ್ ಆನ್ ಮಾಡ್ತು, ಟ್ಯಾಂಕ್ ತುಂಬಿ ಕಣದ ಕಡೆಗೇ ಹರೀತು. ಬೆಳಿಗ್ಗೆ ಹೆಂಡತಿ ಕೂಗಿದಾಗ ಎದ್ದು ನೋಡಿದ್ರೆ ಟಾರ್ಪಾಲಿನ ಕೆಳಗೆಲ್ಲ ನೀರು ನುಗ್ಗಿ ಕಾಫಿ ಮುದ್ದೆ ಮುದ್ದೆ ಆಗಿದೆ, ಕಾಲಿಟ್ರೆ ಚಪ್ ಚಪ್ ಅಂತ ಸದ್ದು. ಮತ್ತೆ ನಾಲ್ಕು ದಿನ ಒಣಗಿಸಿದ್ವಿ, ಬಣ್ಣ ಹೋಗಿತ್ತು, ವಾಸನೇನೂ ಬಂದಿತ್ತು, ರೇಟು ಎಷ್ಟು ಕಮ್ಮಿ ಸಿಕ್ತು ಅಂತ ಇಲ್ಲಿ ಬರೆಯಲ್ಲ, ಹೆಂಡತಿನೂ ಓದ್ತಾಳೆ.

ಅದಕ್ಕೆ ಹೇಳೋದು, ಪಂಪಿಗೆ ಆ ಡಬ್ಬಿ ಸೀದಾ ಹಾಕ್ಬೇಡಿ. ಲೈಟಿಗೆ ಮೆಮೊರಿ ಇರ್ಲಿ, ಪಂಪಿಗೆ ಬೇಡ.


ಸುಮ್ನೆ_ಕೇಳ್ತೀನಿ:

ಎಲ್ಲಾ ಓದ್ದೆ. ಒಂದು ಪ್ರಶ್ನೆ, ಒಂದು ಸ್ವಿಚ್ಚನ್ನ ಬಾಗಿಲ ಒಳಗಡೆಗೆ ತರೋದಕ್ಕೆ ಏನಾಗುತ್ತೆ? ಐದು ಮೀಟರ್ ವೈರು, ಒಂದು ಬಾಕ್ಸು, ಅರ್ಧ ದಿನದ ಕೆಲಸ. ಸೆಲ್ಲೂ ಬೇಡ, ಆಂಟೆನಾನೂ ಬೇಡ. ಎಲ್ಲದಕ್ಕೂ ರಿಮೋಟ್ ಅಂತ ಹೊರಟ್ರೆ ಮನೇಲಿ ರಿಮೋಟ್ ಹುಡುಕೋದೇ ಒಂದು ಕೆಲಸ ಆಗುತ್ತೆ.


ಹೆಂಚಿನಮನೆ:

@ಸುಮ್ನೆ_ಕೇಳ್ತೀನಿ ನಿಮ್ಮ ಮಾತು ನ್ಯಾಯ, ಒಪ್ಕೊಂಡೆ. ಅಂಗಳದ್ದು ಮಾತ್ರ ಆಗಿದ್ರೆ ಹಾಗೇ ಮಾಡ್ತಿದ್ದೆ. ಅಪ್ಪ ಮಲಗೋದು ಹಿಂದಿನ ಕೋಣೇಲಿ, ಅಲ್ಲಿಂದ ಮುಂಬಾಗಿಲಿಗೆ ನಡುಮನೆ ದಾಟಿ ಎರಡು ಹೊಸ್ತಿಲು, ಒಂದೊಂದೂ ಮೊಣಕಾಲುದ್ದ ಇದೆ, ರಾತ್ರಿ ಕತ್ತಲಲ್ಲಿ ಅವರು ಎಡವೋದೇ ಅಲ್ಲಿ. ಕೊಟ್ಟಿಗೆಗೆ ನೂರಡಿ ವೈರ್ ಎಳೆಯೋದೂ ಕಷ್ಟ, ಮಂಗ ಒಂದು ಕಡೆ ಇಲಿ ಒಂದು ಕಡೆ.

@ಮಳೆನಾಡ್_ಮಾವ ಸಾರ್ ಓದಿ ಹೊಟ್ಟೆ ಚುರ್ ಅಂತು. ಹಾಗಾದ್ರೆ ಪಂಪಿಗೆ ರಿಮೋಟ್ ಆಗೋದೇ ಇಲ್ವಾ?


ವೈರ್‌ಮನ್_ಹಾಸನ:

ಆಗುತ್ತೆ, ಆದ್ರೆ ಬೇರೆ ಥರ. ಆ ಡಬ್ಬಿ ಮೇಲೆ 10 ಆಂಪ್ ಅಂತ ಬರ್ದಿರುತ್ತೆ, ಅದು ಬಲ್ಬು ಹೀಟರ್ ಥರ ಲೋಡಿಗೆ. ಮೋಟರ್ ಸ್ಟಾರ್ಟ್ ಆಗುವಾಗ ಓಡೋ ಹೊತ್ತಿನ ಐದಾರು ಪಟ್ಟು ಕರೆಂಟ್ ಎಳೆಯುತ್ತೆ, ರಿಲೇ ಕಾಂಟ್ಯಾಕ್ಟ್ ಕಿಡಿ ಹೊಡ್ದು ಒಂದಿನ ವೆಲ್ಡ್ ಆಗಿ ಅಂಟ್ಕಂಬಿಡುತ್ತೆ, ಆಮೇಲೆ ರಿಮೋಟಲ್ಲಿ ಆಫ್ ಒತ್ತಿದ್ರೂ ಪಂಪ್ ನಿಲ್ಲಲ್ಲ. ಮೇಷ್ಟ್ರು ಒಪ್ತಾರೆ ಅನ್ಕತೀನಿ. ಗೀಸರಿಗೂ ಹಂಗೇ, 2000 ವ್ಯಾಟ್ ಅಂದ್ರೆ 230ಕ್ಕೆ ಎಂಟೂಮುಕ್ಕಾಲು ಆಂಪು, ಲೆಕ್ಕಕ್ಕೆ ಹತ್ತರೊಳಗೆ ಬಂತು ಅಂತ ಹಾಕಿದ್ರೆ ಆರು ತಿಂಗಳಿಗೆ ಡಬ್ಬಿ ಕಂದು ಬಣ್ಣಕ್ಕೆ ತಿರುಗಿರುತ್ತೆ. ಅಂತಾದಕ್ಕೆ ಮಧ್ಯ ಒಂದು 25 ಆಂಪ್ ಕಾಂಟ್ಯಾಕ್ಟರ್ (ದೊಡ್ಡ ರಿಲೇ ಥರದ್ದು) ಹಾಕಿ, ಡಬ್ಬಿ ಕಾಂಟ್ಯಾಕ್ಟರ್ ಕಾಯಿಲ್ ಮಾತ್ರ ಎಳೀಬೇಕು.

ನಿಮ್ಮ ಬಾವಿ ಪಂಪಿನ ಪ್ಯಾನಲ್ ಯಾವ ಥರ ನೋಡಿ. ಹಸಿರು ಬಟನ್ ಒಂದು ಸೆಕೆಂಡ್ ಒತ್ತಿ ಹಿಡಿದ್ರೆ ಮಾತ್ರ ಸ್ಟಾರ್ಟ್ ಆಗುತ್ತೆ ಅಂದ್ರೆ ಆ ಒತ್ತಿದಾಗ ಸ್ಟಾರ್ಟ್ ಕೆಪಾಸಿಟರ್ ಸೇರುತ್ತೆ, ಬಿಟ್ರೆ ಬಿಡುತ್ತೆ. ಅದಕ್ಕೆ ಬರೀ ಆನ್ ಆಫ್ ರಿಲೇ ಹಾಕಿದ್ರೆ ಮೋಟರ್ ಗುಂಯ್ ಅಂತ ಕೂಗ್ತಾ ನಿಂತು ವೈಂಡಿಂಗ್ ಸುಟ್ಟೋಗುತ್ತೆ. ಕಾಂಟ್ಯಾಕ್ಟರ್ ಇರೋ ಸ್ಟಾರ್ಟರ್ ಹಾಕ್ಸಿ. ಅದ್ರಲ್ಲಿ ಸ್ಟಾರ್ಟ್ ಬಟನ್ನು ಒತ್ತಿದ್ರೆ ಸೇರೋದು, ಸ್ಟಾಪ್ ಬಟನ್ನು ಒತ್ತಿದ್ರೆ ಬಿಡೋದು. ರಿಮೋಟ್ ಡಬ್ಬೀನ ಮೊಮೆಂಟರಿ ಮೋಡಿಗೆ ಹಾಕಿ, ಅಂದ್ರೆ ಒತ್ತಿದಷ್ಟೇ ಹೊತ್ತು ರಿಲೇ ಎಳೆಯೋದು. ಎ ಬಟನ್ನಿನ ಎನ್‌ಓ ಸ್ಟಾರ್ಟ್ ಬಟನ್ ಪಕ್ಕ ಸಮಾನಾಂತರ, ಬಿ ಬಟನ್ನಿನ ಎನ್‌ಸಿ ಸ್ಟಾಪ್ ಲೈನಲ್ಲಿ ಸೀರೀಸು. ಇದ್ರಲ್ಲಿ ಮಜಾ ಏನಂದ್ರೆ ಕರೆಂಟ್ ಹೋದ್ರೆ ಕಾಂಟ್ಯಾಕ್ಟರ್ ಬಿದ್ದೋಗುತ್ತೆ, ಬಂದ್ರೂ ತಾನಾಗೇ ಎದ್ದೇಳಲ್ಲ. ಮಾವನ ಕಾಫಿ ಉಳೀತಿತ್ತು. ಟ್ಯಾಂಕಿಗೊಂದು ಫ್ಲೋಟ್ ಸ್ವಿಚ್ಚೂ ಅದೇ ಸ್ಟಾಪ್ ಲೈನಿಗೆ ಸೇರಿಸಿಬಿಡಿ.

ಇನ್ನೊಂದು ನಗೋ ವಿಷಯ. ಹಾಸನದಲ್ಲಿ ಒಂದು ಬಡಾವಣೇಲಿ ಎದುರು ಬದುರು ಎರಡು ಮನೆಗೆ ಒಂದೇ ಲಾಟಿನ ಡಬ್ಬಿ ನಾನೇ ಹಾಕಿದ್ದೆ. ಒಂದು ವಾರ ಆದ್ಮೇಲೆ ಇಬ್ರೂ ಫೋನು, ನಮ್ಮನೇಲಿ ದೆವ್ವ ಐತೆ ಲೈಟ್ ತಾನಾಗೇ ಹತ್ತುತ್ತೆ ಅಂತ. ನೋಡಿದ್ರೆ ಈ ಮನೆಯವರು ಬಟನ್ ಒತ್ತಿದ್ರೆ ಆ ಮನೆ ಲೈಟು. ಕೋಡ್ ಎಲ್ಲಾ ಫ್ಯಾಕ್ಟರಿಯಿಂದ ಬಂದಂಗೇ ಬಿಟ್ಟಿದ್ದೆ, ತಪ್ಪು ನಂದೇ.


ಇಸಿ_ಮೇಷ್ಟ್ರು:

ಹ್ಹಹ್ಹ, ದೆವ್ವ ಅಲ್ಲ ಅದು ಪಿಟಿ2262, ರಿಮೋಟ್ ಒಳಗೆ ಕೋಡ್ ಕಳಿಸೋ ಚಿಪ್ಪು. ಅದರ ಎಂಟು ಅಡ್ರೆಸ್ ಕಾಲನ್ನ ಮೇಲಕ್ಕೋ ಕೆಳಕ್ಕೋ ಬೆಸುಗೆ ಹಾಕ್ಬೇಕು ಇಲ್ಲಾ ಖಾಲಿ ಬಿಡಬೇಕು, ಮೂರು ಥರ ಎಂಟು ಕಾಲು ಅಂದ್ರೆ 6,561 ಕೋಡು. ಆದ್ರೆ ಯಾರೂ ಬೆಸುಗೆ ಹಾಕಲ್ಲ, ಎಲ್ಲಾ ಖಾಲಿ ಬಿಟ್ಟು ಮಾರ್ತಾರೆ. ಇವಿ1527 ಚಿಪ್ ಇರೋ ರಿಮೋಟ್ ತಗೊಳ್ಳಿ, ಅದ್ರಲ್ಲಿ 20 ಬಿಟ್ ನಂಬರ್ ಫ್ಯಾಕ್ಟರೀಲೇ ಬರೆದಿರುತ್ತೆ, ಹತ್ತು ಲಕ್ಷದ ಮೇಲೆ, ಡಬ್ಬಿಗೆ ಕಲಿಸಿದ್ರೆ ಆಯ್ತು. ಆದ್ರೂ ಎರಡೂ ಸ್ಥಿರ ಕೋಡೇ, ಕಾಪಿ ರಿಮೋಟಲ್ಲಿ ನಕಲು ಮಾಡ್ಬಹುದು. ಲೈಟಿಗೆ ಪರವಾಗಿಲ್ಲ, ಗೇಟು ಬೀಗಕ್ಕೆ ಇದನ್ನ ನಂಬ್ಬೇಡಿ, ಅದಕ್ಕೆ ಪ್ರತಿ ಸಲ ಒತ್ತಿದಾಗ್ಲೂ ಬದಲಾಗೋ ರೋಲಿಂಗ್ ಕೋಡ್ ಬೇಕು.

ಮೋಟರ್ ವಿಷಯ ಹಾಸನದವರು ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಸೇರಿಸೋದಾದ್ರೆ, ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ರೆ ಅದರ ಲೈನಿಗೆ ಆ ಅಗ್ಗದ ಡಬ್ಬಿ ಕೊಡ್ಬೇಡಿ, ಒಳಗಿನ ಕೆಪಾಸಿಟರ್ ಬಿಸಿಯಾಗುತ್ತೆ. ಸೈನ್ ವೇವ್ ಆದ್ರೆ ಧಾರಾಳವಾಗಿ ಕೊಡಿ. ಕೊಡ್ಲೇಬೇಕು ನಿಮ್ಮ ಕೇಸಲ್ಲಿ, ಆನೆ ಕರೆಂಟ್ ನೋಡ್ಕೊಂಡು ಬರಲ್ಲ.


ಹೆಂಚಿನಮನೆ:

ಎಲ್ರಿಗೂ ಥ್ಯಾಂಕ್ಸ್, ಮೂರು ವಾರ ಆಯ್ತು, ಏನೇನಾಯ್ತು ಅಂತ ಹೇಳ್ಬೇಕಲ್ಲ.

ಹಾಸನಕ್ಕೆ ಹೋದಾಗ ಎರಡು ಡಬ್ಬಿ ತಂದೆ, ಕಲಿಯೋ ಥರದ್ದು, ಡ್ರೈ ಕಾಂಟ್ಯಾಕ್ಟ್. ಅಂಗಡಿಯವನಿಗೆ ಆ ಪದ ಹೇಳಿದ್ರೆ ನನ್ನನ್ನೇ ಮೇಲಿಂದ ಕೆಳಗೆ ನೋಡ್ದ, ಕೊನೆಗೆ ನಾನೇ ಡಬ್ಬಿ ಮೇಲೆ ಮೂರು ಮೂರು ಸ್ಕ್ರೂ ಇರೋದು ಹುಡ್ಕಿ ಆರಿಸ್ದೆ. ನಮ್ಮೂರಿನ ವೈರಿಂಗ್ ಹುಡುಗ ಬಂದು ಜಗಲಿ ಬೋರ್ಡ್ ಬಿಚ್ಚಿದ್ರೆ ಒಳಗೆ ಜೇಡರ ಬಲೆ, ಒಂದು ಒಣಗಿದ ಹಲ್ಲಿ, ಹಳೇ ಬಟ್ಟೆ ಸುತ್ತಿದ ವೈರು, ಮುಟ್ಟಿದ್ರೆ ಇನ್ಸುಲೇಷನ್ ಬಿಸ್ಕತ್ ಥರ ಪುಡಿ. ಸ್ವಿಚ್ ನ್ಯೂಟ್ರಲ್ಲಿಗೇ ಹಾಕಿತ್ತು, ಇಷ್ಟು ವರ್ಷ! ಹಾಗಾಗಿ ಅಂಗಳದ ಲೈನ್ ಪೂರ್ತಿ ಹೊಸದಾಗಿ ಎಳೆಸಿದ್ವಿ, ಒಂದು 30 ಮಿಲಿಆಂಪ್ ಆರ್‌ಸಿಸಿಬಿನೂ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಹಾಕ್ಸಿದೆ. ರಿಮೋಟಿಗೆ ಅಂತ ಶುರು ಮಾಡಿದ್ದು, ಖರ್ಚಾಗಿದ್ದೆಲ್ಲ ವೈರಿಗೆ. ಅಪ್ಪ ಮೊದಲ ದಿನ ಗೊಣಗಿದ್ರು, ನಾಲ್ಕು ಬಟನ್ನಿಗೆ ಇಷ್ಟೊಂದು ದುಡ್ಡಾ ಅಂತ.

ಟೂ ವೇ ಐಡಿಯಾ ಸೂಪರ್ ಮೇಷ್ಟ್ರೇ. ಅಮ್ಮ ಜಗಲೀಲಿ ಒತ್ತಿ ಆಫ್ ಮಾಡ್ತಾರೆ, ಅಪ್ಪ ಒಳಗಿಂದ ಆನ್ ಮಾಡ್ತಾರೆ, ಇಬ್ರೂ ಮೊದಲ ವಾರ ಅದೇ ಆಟ ಆಡಿದ್ರು.

ಕೊಟ್ಟಿಗೆದು ಮಾತ್ರ ಮೊದಲು ಕೈ ಕೊಡ್ತು. ಅಂಗಳದಲ್ಲಿ ನಿಂತು ಒತ್ತಿದ್ರೆ ಹತ್ತುತ್ತೆ, ಅಪ್ಪನ ಕೋಣೆಯಿಂದ ಇಲ್ಲ. ವೈರಿಂಗ್ ಹುಡುಗ ಡಬ್ಬೀನ ಕಬ್ಬಿಣದ ಬಾಕ್ಸಲ್ಲಿ ಕೂರ್ಸಿದ್ದ, ಬಾಲದ ವೈರ್ ನೀಟಾಗಿ ಸುರುಳಿ! ನಗು ಬಂತು. ಪ್ಲಾಸ್ಟಿಕ್ ಬಾಕ್ಸಿಗೆ ಹಾಕಿ, ತಗಡಿನ ಕೆಳಗಿಂದ ತೆಗೆದು ಗೋಡೆಯ ಮನೆ ಕಡೆ ಮುಖಕ್ಕೆ ಹೊಡೆದು, ಬಾಲಾನ ಸ್ಕೇಲಲ್ಲಿ 17 ಅಳೆದು ನೆಟ್ಟಗೆ ನಿಲ್ಲಿಸಿದ್ವಿ. ಈಗ ಕೋಣೆಯ ಕಿಟಕಿ ಹತ್ರ ಹಿಡಿದು ಒತ್ತಿದ್ರೆ ಹತ್ತಕ್ಕೆ ಹತ್ತು ಸಲಾನೂ ಹತ್ತುತ್ತೆ, ಮಂಚದ ಮೇಲಿಂದ ಎಂಟು ಸಲ. ಸಾಕು.

ಫ್ಯಾನ್ ಮೇಷ್ಟ್ರು ಹೇಳಿದ್ದೇ ತಂದ್ವಿ. ಪಂಪ್ ಸದ್ಯಕ್ಕೆ ಮುಟ್ಟಿಲ್ಲ, ಮಾವನ ಕಾಫಿ ನೆನಪಾಗುತ್ತೆ, ಈ ಕೊಯ್ಲು ಮುಗಿದ ಮೇಲೆ ಸ್ಟಾರ್ಟರ್ ಹಾಕ್ಸಿ ನೋಡೋಣ.

ರಿಮೋಟನ್ನ ಕಾಫಿ ಚೀಲ ಹೊಲಿಯೋ ದಾರದಲ್ಲಿ ಕಟ್ಟಿ ಮಂಚದ ಪಕ್ಕದ ಮೊಳೆಗೆ ನೇತುಹಾಕಿದೀವಿ, ಯಾಕಂದ್ರೆ ಎರಡನೇ ದಿನ ಅದು ಅಪ್ಪನ ದಿಂಬಿನ ಕೆಳಗೆ ಸೇರ್ಕೊಂಡು ಅವರು ಮಗ್ಗುಲು ಬದಲಾಯಿಸಿದಾಗೆಲ್ಲ ಅಂಗಳದ ಲೈಟ್ ಹತ್ತೋದು ಆರೋದು, ಪಕ್ಕದ ತೋಟದ ರೈಟ್ರು ಏನೋ ಆಗಿದೆ ಅಂತ ಫೋನ್ ಮಾಡಿದ್ರು. ಮೊನ್ನೆ ರಾತ್ರಿ ನಾಯಿ ಬೊಗಳ್ತು. ಅಪ್ಪ ಮಲಗಿದ ಜಾಗದಿಂದಾನೇ ಒತ್ತಿದ್ರು. ಕಿಟಕೀಲಿ ನೋಡಿದ್ರೆ ಮುಳ್ಳುಹಂದಿ ಎರಡು, ಅಡಿಕೆ ಬುಡದಲ್ಲಿ. ಅಪ್ಪ ಆಫ್ ಮಾಡಿ ಮಲಗಿದ್ರು.

ಒಂದು ಕೊನೇ ಪ್ರಶ್ನೆ, ರಿಮೋಟ್ ಒಳಗೆ ಸಣ್ಣ 12 ವೋಲ್ಟ್ ಸೆಲ್ ಇದೆ, 27ಎ ಅಂತ. ಸಕಲೇಶಪುರದಲ್ಲಿ ಕೇಳಿದ್ರೆ 23ಎ ಕೊಟ್ರು, ಅದೂ 12 ವೋಲ್ಟೇ, ಹಾಕಬಹುದಾ?


ವೈರ್‌ಮನ್_ಹಾಸನ:

ವೋಲ್ಟೇಜ್ ಒಂದೇ ಅಣ್ಣ, ಆದ್ರೆ 23ಎ ದಪ್ಪ ಜಾಸ್ತಿ, ರಿಮೋಟ್ ಮುಚ್ಚಳ ಹಾಕೋಕಾಗಲ್ಲ. ಒತ್ತಿ ಹಾಕಿದ್ರೆ ಸ್ಪ್ರಿಂಗ್ ಮುರಿಯುತ್ತೆ. ಹಳೇ ಸೆಲ್ ಜೇಬಲ್ಲಿ ಹಾಕ್ಕಂಡು ಬನ್ನಿ, ಹಾಸನದಲ್ಲಿ ಸಿಗುತ್ತೆ. ಎರಡು ತಗಳಿ, ಒಂದನ್ನ ಅದೇ ಮೊಳೆಗೆ ಕವರಲ್ಲಿ ಕಟ್ಟಿ ಇಡಿ.